ಇರುಳಿನ ಆಕಾಶದ ಅಧ್ಯಾಪಕರು: ಡಾ. ಶಿಶಿರಕುಮಾರ ಮಿತ್ರ

ಸೋಲಾಪುರ ಮತ್ತು ಅಕ್ಕಲಕೋಟೆ ಸೀಮೆಯ ಕನ್ನಡ ಮನೆಗಳಲ್ಲಿ ರೇಡಿಯೊ ಬರಿಯ ಮನರಂಜನೆಯ ಪೆಟ್ಟಿಗೆಯಾಗಿರಲಿಲ್ಲ. ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ಮರಾಠಿ. ಗಿರಣಿಯ ಚಾಳುಗಳಲ್ಲಿ ಮರಾಠಿ, ತೆಲುಗು, ಉರ್ದು, ಕನ್ನಡ ನಾಲ್ಕೂ ಬೆರೆತ ಮಾತು. ಇಂತಹ ಪರಿಸರದಲ್ಲಿ ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡವು ನಮ್ಮ ಮಕ್ಕಳ ಕಿವಿಗೆ ಬೀಳುತ್ತಿದ್ದ ಸ್ಥಳಗಳು ಮುಖ್ಯವಾಗಿ ಎರಡು: ಒಂದು ಶಾಲೆ, ಇನ್ನೊಂದು ಆಕಾಶವಾಣಿ. ಧಾರವಾಡ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಕಲಬುರಗಿ ಕೇಂದ್ರವು 1966ರ ನವೆಂಬರ್ 11ರಂದು. ನೇರ ಗೆರೆಯಲ್ಲಿ ಅಳೆದರೆ ಕಲಬುರಗಿಯು ಅಕ್ಕಲಕೋಟೆಗೆ ಸುಮಾರು 70 ಕಿ.ಮೀ., ಸೋಲಾಪುರಕ್ಕೆ ಸುಮಾರು 100 ಕಿ.ಮೀ. ದೂರ. ಧಾರವಾಡವು ಸೋಲಾಪುರದಿಂದ ಸುಮಾರು 260 ಕಿ.ಮೀ., ಬೆಂಗಳೂರು ಸುಮಾರು 550 ಕಿ.ಮೀ. ದೂರದಲ್ಲಿವೆ.

ಈ ಅಂತರಗಳನ್ನು ಹೇಳಲು ಕಾರಣವಿದೆ. ಹಳೆಯ ತಲೆಮಾರಿನ ಪಾಲಕರಿಗೆ ಚೆನ್ನಾಗಿ ತಿಳಿದಿರುವಂತೆ, ಕಲಬುರಗಿಯ ಧ್ವನಿ ಹಗಲಿನಲ್ಲಿಯೂ ಕೇಳಿಸುತ್ತಿತ್ತು. ಬೆಂಗಳೂರಿನ ಧ್ವನಿಗೆ ಮಾತ್ರ ಹೊತ್ತು ಮುಳುಗುವ ತನಕ ಕಾಯಬೇಕಾಗಿತ್ತು. ದೀಪ ಹಚ್ಚುವ ವೇಳೆಗೆ ಅದು ಮೆಲ್ಲಗೆ ಮೂಡುತ್ತಿತ್ತು. ರಾತ್ರಿಯಲ್ಲಿ ಏರುತ್ತ ಇಳಿಯುತ್ತ ಸ್ಪಷ್ಟವಾಗಿ ನಿಲ್ಲುತ್ತಿತ್ತು. ಸೂರ್ಯೋದಯವಾಗಿ ಸ್ವಲ್ಪ ಹೊತ್ತಿಗೆ ಯಾರೋ ಗುಂಡಿ ತಿರುಗಿಸಿದಂತೆ ಕರಗಿ ಹೋಗುತ್ತಿತ್ತು. ರೇಡಿಯೊ ಅದೇ, ಏರಿಯಲ್ಲಿನ ತಂತಿ ಅದೇ, ಅತ್ತಲಿನ ಪ್ರಸಾರ ಕೇಂದ್ರವೂ ಅದೇ. ಹಾಗಾದರೆ ಇರುಳಿಗೂ ಹಗಲಿಗೂ ಬದಲಾಗುವುದೇನು? ಬದಲಾಗುವುದು ನಡುವಿನ ಆಕಾಶ. ಆ ಆಕಾಶವನ್ನು ಭಾರತದ ನೆಲದ ಮೇಲೆ ನಿಂತು ಮೊತ್ತಮೊದಲು ಅಳೆದು, ಅದರ ಸಮಗ್ರ ಶಾಸ್ತ್ರವನ್ನು ಒಂದು ಗ್ರಂಥದಲ್ಲಿ ಬರೆದು, ಅದನ್ನು ಕಲಿಸುವ ಸಂಸ್ಥೆಯನ್ನೂ ಕಟ್ಟಿದವರು ಕಲಕತ್ತೆಯ ಪ್ರಾಧ್ಯಾಪಕ ಡಾ. ಶಿಶಿರಕುಮಾರ ಮಿತ್ರರು. ನಮ್ಮ ಶಾಲೆಯ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅವರ ಜೀವನವನ್ನು ಪರಿಚಯಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ. ನಮ್ಮ ಶಾಲೆ ಕಣ್ಣು ತೆರೆದ ಕಾಲದಲ್ಲಿಯೇ ಅವರ ಪ್ರಯೋಗಾಲಯವೂ ಕಣ್ಣು ತೆರೆಯಿತು ಎಂಬುದು ಇದಕ್ಕೆ ಒಂದು ಕಾರಣ; ಅವರು ಕೊನೆಯವರೆಗೂ ಅಧ್ಯಾಪಕರಾಗಿಯೇ ಉಳಿದರು ಎಂಬುದು ಇನ್ನೊಂದು.

ಶಿಶಿರಕುಮಾರರು 1890ರ ಅಕ್ಟೋಬರ್ 24ರಂದು ಜನಿಸಿದರು. ಮನೆತನ ಹೂಗ್ಲಿ ಜಿಲ್ಲೆಯ ಕೊನ್ನಗರದ್ದು. ತಂದೆ ಜಯಕೃಷ್ಣ ಮಿತ್ರರು ಶಾಲಾ ಶಿಕ್ಷಕರು. ತಾಯಿ ಶರತ್‌ಕುಮಾರಿಯವರ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಆಕೆ ವಿವಾಹಿತೆಯಾಗಿ, ಮಕ್ಕಳ ತಾಯಿಯಾಗಿ, ಕಲಕತ್ತೆಯ ಕ್ಯಾಂಪ್‌ಬೆಲ್ ವೈದ್ಯಕೀಯ ಶಾಲೆಯಲ್ಲಿ ವಿದ್ಯಾರ್ಥಿನಿಯಾಗಿದ್ದರು. ವ್ಯಾಸಂಗ ಮುಗಿದ ಮೇಲೆ ಬಿಹಾರದ ಭಾಗಲ್ಪುರದ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ದೊರೆಯಿತು. ಪತ್ನಿಯ ಉದ್ಯೋಗಕ್ಕಾಗಿ ಇಡೀ ಕುಟುಂಬ ಊರು ಬಿಟ್ಟು ಭಾಗಲ್ಪುರಕ್ಕೆ ಬಂದಿತು. ಪತಿ ಅಲ್ಲಿಯ ಪುರಸಭೆಯಲ್ಲಿ ಗುಮಾಸ್ತರಾದರು. ಅನಂತರ ಆ ಮನೆಗೆ ದುಃಖದ ಮೇಲೆ ದುಃಖ ಬಂದಿತು. ಶಿಶಿರರ ಇಬ್ಬರು ಅಣ್ಣಂದಿರು ತೀರಿಕೊಂಡರು. ತಂದೆಗೆ ಪಾರ್ಶ್ವವಾಯು ತಗುಲಿ ಅವರೂ ಕಣ್ಮರೆಯಾದರು. ಮಗನ ಓದು ನಿಲ್ಲಬಾರದೆಂದು ತಾಯಿ ಒಬ್ಬಳೇ ಸಂಸಾರದ ನೊಗವನ್ನು ಹೊತ್ತಳು. ಮುಂದೆ ಜಗತ್ತು ಗುರುತಿಸಿದ ವಿಜ್ಞಾನಿಯ ಹಿಂದೆ ವಿದ್ಯೆ ಕಲಿತ ತಾಯಿಯ ದುಡಿಮೆ ಇತ್ತೆಂಬುದನ್ನು, ಹೆಣ್ಣುಮಕ್ಕಳ ಶಿಕ್ಷಣವನ್ನು ಹತ್ತನೆಯ ತರಗತಿಗೇ ನಿಲ್ಲಿಸಲು ಯೋಚಿಸುವ ಪಾಲಕರು ಗಮನಿಸಬೇಕೆಂದು ನಾವು ಬಯಸುತ್ತೇವೆ.

ಭಾಗಲ್ಪುರದ ಜಿಲ್ಲಾ ಶಾಲೆ ಮತ್ತು ಅಲ್ಲಿಯ ಕಾಲೇಜಿನ ಓದು ಮುಗಿಸಿ ಶಿಶಿರಕುಮಾರರು ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಅಲ್ಲಿ ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಪಾಠ ಹೇಳುತ್ತಿದ್ದ ಕಾಲವದು. ತಂತಿಯ ಸಂಪರ್ಕವಿಲ್ಲದೆ ವಿದ್ಯುತ್ ಅಲೆಗಳನ್ನು ಗೋಡೆಯಾಚೆಗೆ ಕಳುಹಿಸಿ ತೋರಿಸಿದ್ದ ಬೋಸರ ಪ್ರಯೋಗಗಳ ಕೀರ್ತಿ ಇನ್ನೂ ಹಸಿಯಾಗಿತ್ತು. 1912ರಲ್ಲಿ ಎಂ.ಎಸ್ಸಿ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಮಿತ್ರರು ಕೆಲಕಾಲ ಬೋಸರ ಬಳಿ ಸಂಶೋಧನೆ ಮಾಡಿದರು. ಆದರೆ ಮನೆಯ ಆರ್ಥಿಕ ಸ್ಥಿತಿ ಸಂಬಳದ ಕೆಲಸವನ್ನು ಬೇಡುತ್ತಿತ್ತು. ಭಾಗಲ್ಪುರದಲ್ಲಿ, ಆಮೇಲೆ ಬಾಂಕುರಾದ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅವರು ಉಪನ್ಯಾಸಕರಾದರು. ಈ ಕಾಲೇಜುಗಳಲ್ಲಿ ಸಂಶೋಧನೆಗೆ ಅನುಕೂಲವಿರಲಿಲ್ಲ. ಅದಕ್ಕಾಗಿ ಕೊರಗುತ್ತ ಕೂಡದೆ ಅವರು ಕೈಗೆ ಸಿಕ್ಕ ಸಾಮಾನುಗಳಿಂದ ಪ್ರಯೋಗಗಳನ್ನು ಮಾಡಿ ತೋರಿಸಿದರು. ತಮ್ಮ ಮಾತೃಭಾಷೆಯಾದ ಬಂಗಾಲಿಯಲ್ಲಿ ಜನಸಾಮಾನ್ಯರಿಗೆ ತಿಳಿಯುವಂತೆ ವಿಜ್ಞಾನ ಲೇಖನಗಳನ್ನು ಬರೆದರು.

1916ರಲ್ಲಿ ಸರ್ ಆಶುತೋಷ ಮುಖರ್ಜಿಯವರು ಕಲಕತ್ತೆಯ ವಿಶ್ವವಿದ್ಯಾನಿಲಯದ ಹೊಸ ವಿಜ್ಞಾನ ಕಾಲೇಜಿಗೆ ತರುಣರನ್ನು ಕರೆತರುತ್ತಿದ್ದಾಗ ಮಿತ್ರರಿಗೂ ಕರೆ ಬಂದಿತು. ಅಲ್ಲಿ ಅವರು ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಬೆಳಕಿನ ಅಲೆಗಳನ್ನು ಕುರಿತು ಸಂಶೋಧನೆ ನಡೆಸಿ 1919ರಲ್ಲಿ ಡಿ.ಎಸ್ಸಿ. ಪದವಿ ಪಡೆದರು. 1920ರಲ್ಲಿ ಪ್ಯಾರಿಸಿಗೆ ತೆರಳಿ ಚಾರ್ಲ್ಸ್ ಫಾಬ್ರಿಯವರ ಬಳಿ ಕೆಲಸ ಮಾಡಿ 1923ರಲ್ಲಿ ಎರಡನೆಯ ಡಾಕ್ಟರೇಟ್ ಗಳಿಸಿದರು. ಕೆಲಕಾಲ ಮೇರಿ ಕ್ಯೂರಿಯವರ ರೇಡಿಯಂ ಸಂಸ್ಥೆಯಲ್ಲಿಯೂ ಇದ್ದರು. ಅವರ ಬಾಳಿನ ದಾರಿ ತಿರುಗಿದ್ದು ಇದಾದ ಬಳಿಕ, ನಾನ್ಸಿ ನಗರದಲ್ಲಿ. ಅಲ್ಲಿ ಕಮಿಲ್ ಗುಟನ್ನರ ಪ್ರಯೋಗಾಲಯದಲ್ಲಿ ರೇಡಿಯೊ ವಾಲ್ವುಗಳನ್ನು ಕಂಡಾಗ, ಈ ವಿದ್ಯೆ ಭಾರತಕ್ಕೆ ಬರಲೇಬೇಕೆಂಬ ನಿಶ್ಚಯ ಅವರಲ್ಲಿ ಬಲಿಯಿತು. ತಮ್ಮ ಅಭಿಪ್ರಾಯವನ್ನು ಆಶುತೋಷರಿಗೆ ಬರೆದು ತಿಳಿಸಿದರು. 1923ರ ಕೊನೆಯಲ್ಲಿ ಹಿಂತಿರುಗಿ ಖೈರಾ ಪ್ರಾಧ್ಯಾಪಕ ಪೀಠವನ್ನು ವಹಿಸಿಕೊಂಡರು. 1925ರ ಹೊತ್ತಿಗೆ ಕಲಕತ್ತೆಯ ಎಂ.ಎಸ್ಸಿ. ತರಗತಿಯಲ್ಲಿ ನಿಸ್ತಂತು ಶಾಸ್ತ್ರವು ಒಂದು ಪಾಠ್ಯವಿಷಯವಾಯಿತು. ದೇಶದಲ್ಲಿ ಪ್ರಸಾರ ಸಂಸ್ಥೆಗಳು ಬೇರೂರುವ ಮೊದಲೇ ಅವರ ಪ್ರಯೋಗಾಲಯದ ಪುಟ್ಟ ಪ್ರೇಷಕ ಯಂತ್ರ ಕಲಕತ್ತೆಯ ಮನೆಗಳಿಗೆ ಧ್ವನಿಯನ್ನು ಕಳುಹಿಸಿತ್ತು.

ಮಿತ್ರರು ಕೈಹಾಕಿದ ಪ್ರಶ್ನೆಯನ್ನು ತಿಳಿಯಲು ನಾವು ಕೆಲವು ವರ್ಷ ಹಿಂದಕ್ಕೆ ಹೋಗಬೇಕು. 1901ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೊ ಸಂಕೇತವನ್ನು ಪಡೆದಾಗ ವಿದ್ವಾಂಸರು ಬೆರಗಾದರು. ರೇಡಿಯೊ ಅಲೆ ಬೆಳಕಿನಂತೆ ನೇರವಾಗಿ ಚಲಿಸುವಂಥದು, ಭೂಮಿಯೋ ದುಂಡಗಿದೆ. ಅಲೆಯು ದಿಗಂತವನ್ನು ದಾಟಿ ಬಾಗಿದ್ದು ಹೇಗೆ? ಮೇಲಿನ ವಾಯುಮಂಡಲದಲ್ಲಿ ವಿದ್ಯುತ್ತನ್ನು ಹರಿಯಗೊಡುವ ಪದರವೊಂದಿದ್ದು ಅದು ಅಲೆಯನ್ನು ಕೆಳಕ್ಕೆ ಹಿಂತಿರುಗಿಸುತ್ತಿರಬೇಕೆಂದು 1902ರಲ್ಲಿ ಅಮೆರಿಕದ ಕೆನೆಲಿ ಮತ್ತು ಇಂಗ್ಲೆಂಡಿನ ಹೆವಿಸೈಡ್ ಬೇರೆ ಬೇರೆಯಾಗಿ ಊಹಿಸಿದರು. ಊಹೆ ಊಹೆಯಾಗಿಯೇ 20 ವರ್ಷಗಳಿಗೂ ಮಿಕ್ಕಿ ಉಳಿಯಿತು. 1924ರ ಡಿಸೆಂಬರ್ 11ರಂದು ಎಡ್ವರ್ಡ್ ಆ್ಯಪಲ್‌ಟನ್ ಅದಕ್ಕೆ ಸಾಕ್ಷ್ಯ ಒದಗಿಸಿದರು. ಬೋರ್ನ್‌ಮತ್ ಪ್ರಸಾರ ಕೇಂದ್ರದ ಕಾರ್ಯಕ್ರಮಗಳು ಮುಗಿದ ಮೇಲೆ, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಅದರ ತರಂಗಾಂತರವನ್ನು ಸ್ವಲ್ಪಸ್ವಲ್ಪವಾಗಿ ಬದಲಿಸಿ ಆಕ್ಸ್‌ಫರ್ಡಿನಲ್ಲಿ ಆಲಿಸಲಾಯಿತು. ನೆಲದ ಮೇಲಿನಿಂದ ಬಂದ ಅಲೆಯೂ ಆಕಾಶದಿಂದ ಮರಳಿದ ಅಲೆಯೂ ಒಮ್ಮೆ ಕೂಡಿಕೊಂಡು ಧ್ವನಿ ಏರಿತು, ಒಮ್ಮೆ ಒಂದನ್ನೊಂದು ಅಳಿಸಿಕೊಂಡು ಇಳಿಯಿತು. ಈ ಏರಿಳಿತಗಳನ್ನು ಎಣಿಸಿ, ಪದರವು ಸುಮಾರು 100 ಕಿ.ಮೀ. ಎತ್ತರದಲ್ಲಿದೆಯೆಂದು ಅವರು ಲೆಕ್ಕ ಹಾಕಿದರು. ಎರಡು ವರ್ಷಗಳ ಬಳಿಕ, ಬೆಳಗಿನ ಜಾವದ ವೇಳೆಯಲ್ಲಿ ಅಲೆಗಳು ಈ ಪದರವನ್ನು ತೂರಿಕೊಂಡು ಹೋಗಿ ಅದಕ್ಕಿಂತ ಬಹಳ ಮೇಲಿರುವ ಇನ್ನೊಂದು ಪದರದಿಂದ ಮರಳುವುದನ್ನೂ ಅವರು ಕಂಡರು. ಹೀಗೆ ಈ ಶಾಸ್ತ್ರದ ಮೊದಲ ಪುಟಗಳೆಲ್ಲ ರಾತ್ರಿಯಲ್ಲಿ ಮತ್ತು ಸೂರ್ಯೋದಯಕ್ಕೆ ಮುಂಚಿನ ಗಳಿಗೆಯಲ್ಲಿ ಬರೆಯಲ್ಪಟ್ಟವು.

ಇದೆಲ್ಲ ಇಂಗ್ಲೆಂಡಿನ ಆಕಾಶದ ವಿಷಯ. ಸೂರ್ಯನು ನೆತ್ತಿಯ ಮೇಲೆ ಸುಡುವ ನಮ್ಮ ಉಷ್ಣವಲಯದ ಆಕಾಶವೂ ಹಾಗೆಯೇ ಇರುತ್ತದೆಯೇ? ಈ ಪ್ರಶ್ನೆಗೆ ಉತ್ತರವನ್ನು ಇಲ್ಲಿಯೇ ಹುಡುಕಬೇಕಾಗಿತ್ತು. ಮಿತ್ರರ ಬಳಿ ಸ್ವಂತ ಬಲಿಷ್ಠ ಪ್ರೇಷಕ ಯಂತ್ರವಿರಲಿಲ್ಲ. ಕಲಕತ್ತೆಯ ಪ್ರಸಾರ ಕೇಂದ್ರದ ಯಂತ್ರವನ್ನೇ ಅವರು ಬಳಸಿಕೊಂಡರು. ತಮ್ಮ ವಿದ್ಯಾರ್ಥಿಗಳೊಂದಿಗೆ ಕೇಂದ್ರದಿಂದ ದೂರದಲ್ಲಿ ಗ್ರಾಹಕ ಯಂತ್ರವನ್ನಿಟ್ಟು ಏರಿಳಿತಗಳನ್ನು ದಾಖಲಿಸಿದರು. 1930ರಲ್ಲಿ ಭಾರತದ ಮೇಲಿನ ಆಕಾಶದಲ್ಲಿಯೂ ಅದೇ ಪದರವಿದೆಯೆಂಬ ಪ್ರಾಯೋಗಿಕ ಸಾಕ್ಷ್ಯ ಅವರಿಗೆ ದೊರೆಯಿತು. 1932–33ರ ಎರಡನೆಯ ಅಂತರರಾಷ್ಟ್ರೀಯ ಧ್ರುವ ವರ್ಷದ ವೀಕ್ಷಣೆಗಳಲ್ಲಿ ಕಲಕತ್ತೆಯ ಪ್ರಯೋಗಾಲಯವೂ ಪಾಲುಗೊಂಡಿತು. ಪರಾಧೀನ ದೇಶದ ಒಂದು ವಿಶ್ವವಿದ್ಯಾನಿಲಯವು ಜಗತ್ತಿನ ವಿಜ್ಞಾನದ ಲೆಕ್ಕದ ಪುಸ್ತಕದಲ್ಲಿ ತನ್ನ ಅಂಕಣವನ್ನು ತಾನೇ ಬರೆಯುವಂತಾಯಿತು.

ಈಗ, ಮಿತ್ರರಂಥವರು ಬಿಡಿಸಿದ ಈ ಶಾಸ್ತ್ರದ ಬೆಳಕಿನಲ್ಲಿ, ನಮ್ಮ ಸೋಲಾಪುರದ ಪ್ರಶ್ನೆಗೆ ಉತ್ತರ ನೋಡೋಣ. ಸೂರ್ಯನ ಅತಿನೇರಳೆ ಮತ್ತು ಕ್ಷ-ಕಿರಣಗಳು ಮೇಲಿನ ಗಾಳಿಯ ಕಣಗಳಿಗೆ ತಗುಲಿ ಅವುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಹೀಗೆ ಉಂಟಾದ ವಿದ್ಯುನ್ಮಯ ಪ್ರದೇಶಕ್ಕೆ ಅಯಾನುಗೋಳವೆಂದು ಹೆಸರು. ಇದರ ಕೆಳಗಿನ ಅಂತಸ್ತು ಸುಮಾರು 60ರಿಂದ 90 ಕಿ.ಮೀ. ಎತ್ತರದ ಡಿ ಪದರ. ಅದರ ಮೇಲೆ 100ರಿಂದ 120 ಕಿ.ಮೀ. ಸುಮಾರಿಗೆ ಇ ಪದರ. ಇನ್ನೂ ಮೇಲೆ, 200 ಕಿ.ಮೀ. ದಾಟಿದ ಮೇಲೆ ಎಫ್ ಪದರ. ಡಿ ಪದರದಲ್ಲಿ ಗಾಳಿ ತಕ್ಕಮಟ್ಟಿಗೆ ದಟ್ಟವಾಗಿದೆ. ರೇಡಿಯೊ ಅಲೆ ಅಲ್ಲಿಗೆ ಬಂದಾಗ ಎಲೆಕ್ಟ್ರಾನುಗಳು ಅದರ ತಾಳಕ್ಕೆ ಕುಣಿಯತೊಡಗುತ್ತವೆ. ಆದರೆ ಮತ್ತೆ ಮತ್ತೆ ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ಅಲೆಯಿಂದ ಪಡೆದ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಅಲೆಯ ಕಂಪನಸಂಖ್ಯೆ ಕಡಿಮೆಯಾದಷ್ಟೂ ಈ ನಷ್ಟ ಹೆಚ್ಚು. ಆದುದರಿಂದ ಮೀಡಿಯಂ ವೇವ್ ಪ್ರಸಾರವು ಹಗಲಿನಲ್ಲಿ ಮೇಲಕ್ಕೆ ಹೋದದ್ದು ಅಲ್ಲಿಯೇ ಇಂಗಿಹೋಗುತ್ತದೆ. ನೆಲವನ್ನು ಹಿಡಿದು ಸಾಗುವ ಅಲೆ ಮಾತ್ರ ನಮ್ಮನ್ನು ತಲುಪುತ್ತದೆ. ಕಲಬುರಗಿ ಹಗಲಲ್ಲಿ ಕೇಳಿಸುವುದು ಈ ನೆಲದ ಅಲೆಯಿಂದ. ಬೆಂಗಳೂರಿನ ನೆಲದ ಅಲೆ 550 ಕಿ.ಮೀ. ಸಾಗುವಷ್ಟರಲ್ಲಿ ಸೋತು ಹೋಗುತ್ತದೆ.

ಹೊತ್ತು ಮುಳುಗಿದೊಡನೆ ದೃಶ್ಯ ಬದಲಾಗುತ್ತದೆ. ಡಿ ಪದರದ ದಟ್ಟ ಗಾಳಿಯಲ್ಲಿ ಎಲೆಕ್ಟ್ರಾನುಗಳು ಬೇಗನೆ ಮರಳಿ ಕಣಗಳೊಂದಿಗೆ ಕೂಡಿಕೊಳ್ಳುತ್ತವೆ. ಆ ಪದರ ಹೆಚ್ಚು ಕಡಿಮೆ ಇಲ್ಲವಾಗುತ್ತದೆ. ಎತ್ತರದಲ್ಲಿರುವ ಎಫ್ ಪದರದಲ್ಲಿ ಗಾಳಿ ಬಹಳ ವಿರಳ. ಬೇರ್ಪಟ್ಟವು ಮತ್ತೆ ಕೂಡುವುದಕ್ಕೆ ಬಹಳ ಹೊತ್ತು ಬೇಕು. ಹೀಗಾಗಿ ಅದು ಇರುಳಿಡೀ ಉಳಿಯುತ್ತದೆ. ಕೆಳಗಿನ ತಡೆ ಹೋಯಿತು, ಮೇಲಿನ ಸೂರು ಉಳಿಯಿತು. ಬೆಂಗಳೂರಿನಿಂದ ಮೇಲಕ್ಕೆ ಹೊರಟ ಅಲೆ ಆ ಸೂರಿನಿಂದ ಮರಳಿ ಸೋಲಾಪುರದ ಅಂಗಳಕ್ಕೆ ಇಳಿಯುತ್ತದೆ. ಪದರದ ಎತ್ತರವೂ ಸಾಂದ್ರತೆಯೂ ಸದಾ ಅಲುಗುತ್ತಿರುವುದರಿಂದ ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಕೂಡುತ್ತ ಕಳೆಯುತ್ತ ಧ್ವನಿಯನ್ನು ತೂಗಾಡಿಸುತ್ತವೆ. ರೇಡಿಯೊ ಕೆಟ್ಟಿತೆಂದು ನಮ್ಮ ಹಿರಿಯರು ತಟ್ಟಿ ನೋಡುತ್ತಿದ್ದುದು ಎಷ್ಟೋ ಸಲ ಈ ಏರಿಳಿತಕ್ಕಾಗಿ!

ಸೂರ್ಯೋದಯದ ಹೊತ್ತು ಇನ್ನೂ ಸ್ವಾರಸ್ಯಕರವಾದುದು. 250 ಕಿ.ಮೀ. ಎತ್ತರದಲ್ಲಿರುವ ಆಕಾಶಕ್ಕೆ ನೆಲಕ್ಕಿಂತ ಒಂದು ಗಂಟೆಯಷ್ಟು ಮೊದಲೇ ಬೆಳಗಾಗುತ್ತದೆ. ನಮ್ಮ ಹೊಲಗಳಲ್ಲಿ ಇನ್ನೂ ಕತ್ತಲೆಯಿರುವಾಗ ಮೇಲಿನ ಪದರ ಬಿಸಿಲನ್ನು ಕುಡಿದು ಮತ್ತೆ ಬಲಗೊಳ್ಳುತ್ತಿರುತ್ತದೆ. ಕೆಳಗಿನ ಡಿ ಪದರ ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಆ ಕೆಲವು ನಿಮಿಷಗಳಲ್ಲಿ ದೂರದ ದುರ್ಬಲ ಸಂಕೇತಗಳು ಹಠಾತ್ತನೆ ಬಲವಾಗಿ ಬರುವುದುಂಟು. ಹವ್ಯಾಸಿ ರೇಡಿಯೊದವರು, ಎಂದರೆ ಸರಕಾರದ ಪರವಾನಗಿ ಪಡೆದು ತಮ್ಮ ಮನೆಯಿಂದಲೇ ಲೋಕದೊಡನೆ ಮಾತನಾಡುವ ಹ್ಯಾಮ್‌ಗಳು, 160 ಮೀಟರ್ ಮತ್ತು 80 ಮೀಟರ್ ಪಟ್ಟಿಗಳಲ್ಲಿ ಈ ಗಳಿಗೆಗಾಗಿಯೇ ಎದ್ದು ಕೂಡುತ್ತಾರೆ. ಈ ಪಟ್ಟಿಗಳು ಕ್ರಮವಾಗಿ 1.8 ಮತ್ತು 3.5 ಮೆಗಾಹರ್ಟ್ಸ್ ಸುಮಾರಿನವು. ಮೀಡಿಯಂ ವೇವಿನ ನೆರೆಯವು, ಅದರಂತೆಯೇ ಇರುಳಿನ ಪ್ರಾಣಿಗಳು. ಬೆಳಗಿನ ಜಾವದಲ್ಲಿ ನಮ್ಮ ಪಶ್ಚಿಮಕ್ಕಿರುವ ಆಫ್ರಿಕ, ಯುರೋಪುಗಳಲ್ಲಿ ಇನ್ನೂ ಕತ್ತಲೆ. ಆದುದರಿಂದ ಆಗ ಆ ಕಡೆಯ ಸಂಕೇತಗಳಿಗೆ ದಾರಿ ತೆರೆದಿರುತ್ತದೆ. ಮುಸ್ಸಂಜೆಯಲ್ಲಿ ಅಷ್ಟರಲ್ಲೇ ಕತ್ತಲಾದ ಪೂರ್ವದ ಕಡೆಯವಕ್ಕೆ. ಕಲಕತ್ತೆಯಲ್ಲಿ ಸೂರ್ಯ ಹುಟ್ಟುವುದು ಸೋಲಾಪುರಕ್ಕಿಂತ ಸುಮಾರು 50 ನಿಮಿಷ ಮೊದಲು. ಹಾಗಾಗಿ ಬೆಳಗಿನಲ್ಲಿ ಪೂರ್ವದ ಕೇಂದ್ರಗಳು ಮೊದಲು ಆರುತ್ತವೆ, ಪಶ್ಚಿಮದವು ಕೊನೆಗೆ. ಬಿಸಿಲೇರಿದಂತೆ ಡಿ ಪದರ ಮರಳಿ ಮೂಡಿ ಬಾಗಿಲು ಮುಚ್ಚುತ್ತದೆ.

ಸೂರ್ಯನಿಲ್ಲದ ಇರುಳಿನಲ್ಲಿ ಮೇಲಿನ ಪದರಗಳು ಬದುಕಿ ಉಳಿಯುವುದು ಹೇಗೆಂಬ ವಿಚಾರ ಮಿತ್ರರನ್ನು ದೀರ್ಘಕಾಲ ಹಿಡಿದಿಟ್ಟಿತು. ಚಂದ್ರನಿಲ್ಲದ ರಾತ್ರಿಯಲ್ಲಿಯೂ ಆಕಾಶಕ್ಕೆ ನಕ್ಷತ್ರಗಳದಲ್ಲದ ಒಂದು ಮಂದ ಬೆಳಕಿದೆ. ಆ ಬೆಳಕಿಗೂ ಅಯಾನುಗೋಳಕ್ಕೂ ಇರುವ ನಂಟನ್ನು ಅವರು ಅರಸಿದರು. ಪ್ರಯೋಗಾಲಯದಲ್ಲಿ ಸಾರಜನಕವು ವಿದ್ಯುತ್ತು ನಿಂತ ಮೇಲೆಯೂ ಕೆಲಹೊತ್ತು ಹೊಳೆಯುವುದನ್ನು ಅಭ್ಯಸಿಸಿ ಹೊಸ ಸಿದ್ಧಾಂತವೊಂದನ್ನು ಮಂಡಿಸಿದರು. ಮುಂದಿನ ಸಂಶೋಧನೆಗಳು ಆ ಸಿದ್ಧಾಂತವನ್ನು ಒಪ್ಪಲಿಲ್ಲ. ಆದರೆ ಅದನ್ನು ಪರೀಕ್ಷಿಸಲು ಹೊರಟವರಿಂದ ವಿಷಯ ಬೆಳೆಯಿತು. ತಪ್ಪಾಗಬಹುದೆಂಬ ಭಯದಿಂದ ಉತ್ತರವನ್ನೇ ಬರೆಯದೆ ಕಾಗದವನ್ನು ಖಾಲಿ ಬಿಡುವ ವಿದ್ಯಾರ್ಥಿಗಳಿಗೆ ನಾವು ಈ ಸಂಗತಿಯನ್ನು ಆಗಾಗ ಹೇಳುವುದುಂಟು.

ಇದೇ ವರ್ಷಗಳಲ್ಲಿ ಕನ್ನಡ ನಾಡಿನಲ್ಲಿಯೂ ಒಬ್ಬ ಅಧ್ಯಾಪಕರು ಆಕಾಶದ ಕಡೆಗೆ ನೋಡುತ್ತಿದ್ದರು. ಕಲಕತ್ತೆಯ ದಾರ್ಶನಿಕ ಬ್ರಜೇಂದ್ರನಾಥ ಸೀಲರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕಾಲದಲ್ಲಿ, 1924ರಲ್ಲಿ, ಅಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದರ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠ್ಠಲ ವಿಹಾರದಿಂದ 30 ವ್ಯಾಟ್ ಸಾಮರ್ಥ್ಯದ ಯಂತ್ರದ ಮೂಲಕ ಪ್ರಸಾರ ತೊಡಗಿದರು. ಅದಕ್ಕೆ ಆಕಾಶವಾಣಿಯೆಂಬ ಹೆಸರು ಬಂದಿತು. ಮುಂದೆ ಅದೇ ಹೆಸರು ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತು. 30 ವ್ಯಾಟ್ ಎಂದರೆ ಒಂದು ಸಣ್ಣ ವಿದ್ಯುದ್ದೀಪ ಬಳಸುವಷ್ಟು ಶಕ್ತಿ. ಇಂದಿನ ಧಾರವಾಡ ಕೇಂದ್ರದ್ದು 200 ಕಿಲೊವ್ಯಾಟ್. ಕಲಕತ್ತೆಯ ಮಿತ್ರರು ಆಕಾಶ ಏನನ್ನು ಮರಳಿಸುತ್ತದೆಂದು ಅಳೆಯುತ್ತಿದ್ದಾಗ, ಮೈಸೂರಿನ ಗೋಪಾಲಸ್ವಾಮಿಯವರು ಅದರ ಕೈಗೆ ಕನ್ನಡದ ಮಾತನ್ನು ಕೊಟ್ಟರು. ಗಡಿಯ ಈಚೆಗಿರುವ ನಮ್ಮಂಥವರಿಗೆ ಈ ಎರಡೂ ಕೆಲಸಗಳ ಋಣವಿದೆ.

1935ರಲ್ಲಿ ಮಿತ್ರರು ಘೋಷ್ ಪ್ರಾಧ್ಯಾಪಕ ಪೀಠಕ್ಕೆ ಬಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶದ ರೇಡಿಯೊ ಸಂಶೋಧನೆಯನ್ನು ಒಂದುಗೂಡಿಸಲು ರಚಿತವಾದ ಸಮಿತಿಗೆ ಅಧ್ಯಕ್ಷರಾದರು. ಈ ನಡುವೆ ಅವರು ವರ್ಷಗಟ್ಟಲೆ ಒಂದು ಗ್ರಂಥವನ್ನು ಬರೆಯುತ್ತಿದ್ದರು. ಮೇಲಿನ ವಾಯುಮಂಡಲದ ಬಗ್ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಭೂಕಾಂತತ್ವ, ಖಗೋಳಶಾಸ್ತ್ರ ಎಂದು ಹತ್ತು ಕಡೆ ಚದುರಿಹೋಗಿದ್ದ ತಿಳಿವಳಿಕೆಯನ್ನೆಲ್ಲ ಒಂದೇ ಸೂತ್ರದಲ್ಲಿ ಪೋಣಿಸಿದ, 600 ಪುಟಗಳಿಗೂ ಮಿಕ್ಕಿದ ಹೊತ್ತಗೆ ಅದು. ಪ್ರಕಾಶಕರು ಮುಂದೆ ಬರಲಿಲ್ಲ. ಇಷ್ಟು ದೊಡ್ಡ ಪುಸ್ತಕವನ್ನು ಕೊಳ್ಳುವವರಾರೆಂಬ ಅನುಮಾನ ಅವರದು. ಕೊನೆಗೆ 1947ರಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿ ಅದನ್ನು ಪ್ರಕಟಿಸಿತು. 2000 ಪ್ರತಿಗಳು ಮೂರು ವರ್ಷಗಳಲ್ಲಿ ಮುಗಿದುಹೋದವು. 1952ರಲ್ಲಿ ಪರಿಷ್ಕೃತ ಎರಡನೆಯ ಮುದ್ರಣ ಬಂದಿತು; 1955ರಲ್ಲಿ ರಷ್ಯನ್ ಅನುವಾದವೂ ಹೊರಬಂದಿತು. ಎರಡು ವರ್ಷಗಳ ಬಳಿಕ ಮೊದಲ ಕೃತಕ ಉಪಗ್ರಹ ಮೇಲೇರಿತು. ಬಾಹ್ಯಾಕಾಶ ಯುಗದ ಹೊಸ್ತಿಲಿನಲ್ಲಿ ಲೋಕದ ವಿಜ್ಞಾನಿಗಳ ಕೈಯಲ್ಲಿದ್ದ ಆಕಾಶದ ಪಠ್ಯಪುಸ್ತಕವು ಒಬ್ಬ ಭಾರತೀಯ ಅಧ್ಯಾಪಕರ ಕೃತಿಯಾಗಿತ್ತು.

ಗ್ರಂಥದ ಜೊತೆಗೆ ಅವರು ಸಂಸ್ಥೆಯನ್ನೂ ಕಟ್ಟಿದರು. 1925ರಲ್ಲಿ ಒಂದು ಪಾಠ್ಯವಿಷಯವಾಗಿ ಹುಟ್ಟಿದ್ದು 1949ರಲ್ಲಿ ರೇಡಿಯೊ ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್ ಸಂಸ್ಥೆಯಾಗಿ ಬೆಳೆಯಿತು. ಕಲಕತ್ತೆಯ ಹೊರಗೆ ಹರಿಂಗಾಟಾದಲ್ಲಿ ಅಯಾನುಗೋಳದ ವೀಕ್ಷಣಾ ಕೇಂದ್ರ ಸ್ಥಾಪನೆಯಾಯಿತು. ಅವರ ಶಿಷ್ಯರು ದೇಶದ ನಾನಾ ಕಡೆ ಈ ವಿದ್ಯೆಯನ್ನು ಹರಡಿದರು. 1958ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1962ರಲ್ಲಿ ಪದ್ಮಭೂಷಣವೂ ರಾಷ್ಟ್ರೀಯ ಪ್ರಾಧ್ಯಾಪಕ ಪದವಿಯೂ ಬಂದವು. ಚಂದ್ರನ ಮೇಲಿನ ಒಂದು ಕುಳಿಗೆ ಈಗ ಅವರ ಹೆಸರಿದೆ.

ಇಷ್ಟೆಲ್ಲ ಗೌರವಗಳ ನಡುವೆ ಒಂದು ಸಂಗತಿ ನಮ್ಮಂತಹ ಶಾಲಾ ಶಿಕ್ಷಕರ ಮನಸ್ಸನ್ನು ವಿಶೇಷವಾಗಿ ತಟ್ಟುತ್ತದೆ. 1955ರಲ್ಲಿ ವಿಶ್ವವಿದ್ಯಾನಿಲಯದಿಂದ ನಿವೃತ್ತರಾದ ಮೇಲೆ, ಅವರ ಯೋಗ್ಯತೆಗೆ ದೇಶವಿದೇಶಗಳ ಯಾವ ಪ್ರಯೋಗಾಲಯವೂ ತೆರೆದಿರುತ್ತಿತ್ತು. ಅವರು ಒಪ್ಪಿಕೊಂಡದ್ದು ಪಶ್ಚಿಮ ಬಂಗಾಲದ ಮಾಧ್ಯಮಿಕ ಶಿಕ್ಷಣ ಮಂಡಳಿಯ ಆಡಳಿತಾಧಿಕಾರಿಯ ಹೊಣೆಯನ್ನು. ಪರೀಕ್ಷೆಗಳು, ಪಠ್ಯಕ್ರಮ, ಶಾಲೆಗಳ ಅನುಮೋದನೆ, ಶಿಕ್ಷಕರ ಅಹವಾಲುಗಳು ಎಂಬ ಮುಗಿಯದ ಕಡತಗಳ ಕೆಲಸವದು. ಶಾಲಾ ಶಿಕ್ಷಕರ ಮಗನಾಗಿ ಹುಟ್ಟಿ, ಅಯಾನುಗೋಳದವರೆಗೆ ಏರಿ, ಕೊನೆಗೆ ಮತ್ತೆ ಶಾಲೆಗಳ ಅಂಗಳಕ್ಕೆ ಇಳಿದು ಬಂದರು. 1963ರ ಆಗಸ್ಟ್ 13ರಂದು ಮಿತ್ರರು ನಿಧನರಾದರು. ಆಗ ಅವರಿಗೆ 72 ವರ್ಷ.

ಅವರ ಬಾಳನ್ನು ಹಿಂತಿರುಗಿ ನೋಡಿದಾಗ ನಮಗೆ ಎದ್ದು ಕಾಣುವುದು, ಇದ್ದುದರಿಂದಲೇ ತೊಡಗುವ ಧೈರ್ಯ. ಬಾಂಕುರಾದಲ್ಲಿ ಉಪಕರಣಗಳಿರಲಿಲ್ಲ, ಬಂಗಾಲಿಯಲ್ಲಿ ಬರೆದರು. ಕಲಕತ್ತೆಯಲ್ಲಿ ಪ್ರೇಷಕ ಯಂತ್ರವಿರಲಿಲ್ಲ, ಪ್ರಸಾರ ಕೇಂದ್ರದ್ದನ್ನು ಬಳಸಿದರು. ಪ್ರಕಾಶಕರಿರಲಿಲ್ಲ, ಊರಿನ ವಿದ್ವತ್ಸಂಸ್ಥೆಯ ಮೂಲಕ ಜಗತ್ತನ್ನು ಮುಟ್ಟಿದರು. ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿ ಇದಕ್ಕಿಂತ ಬಹಳ ಭಿನ್ನವೇನಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ. ಕನ್ನಡದಲ್ಲಿ ವಿಜ್ಞಾನ ಓದಿದರೆ ಮುಂದೇನೆಂದು ಪಾಲಕರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ತನ್ನ ಮಾತಿನಲ್ಲಿ ಅರ್ಥ ಮಾಡಿಕೊಂಡ ಮಗು ಯಾವ ಮಾತಿನಲ್ಲಿಯಾದರೂ ಮುಂದೆ ಹೋಗಬಲ್ಲದು ಎಂಬುದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಗಳೇ ಸಾಕ್ಷಿ. ಡಿ ಪದರ ಅಲೆಯನ್ನು ನುಂಗುವುದೇಕೆ ಎಂಬುದನ್ನು ಮೇಲೆ ಕನ್ನಡದಲ್ಲಿಯೇ ಹೇಳಿದ್ದೇವೆ. ಅದನ್ನು ಓದಿ ತಿಳಿಯಲು ಎಂಟನೆಯ ತರಗತಿಯ ಕನ್ನಡ ಸಾಕು.

ಶತಮಾನೋತ್ಸವದ ನೆನಪಿಗಾಗಿ ಮಿತ್ರರ ಹೆಸರಿನಲ್ಲಿ ಒಂದು ಪುಟ್ಟ ಅಭ್ಯಾಸವನ್ನು ಮೇಲಿನ ತರಗತಿಗಳ ಮಕ್ಕಳಿಗೆ ಕೊಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ಸಿಡಿಲಿನ ಗದ್ದಲ ಕಡಿಮೆಯಿರುವ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ, ಮೀಡಿಯಂ ವೇವಿನಲ್ಲಿ ಬೆಂಗಳೂರಿನ 612, ಧಾರವಾಡದ 765 ಮತ್ತು ಕಲಬುರಗಿಯ 1107 ಕಿಲೊಹರ್ಟ್ಸ್ ಕೇಂದ್ರಗಳನ್ನು ಸಂಜೆ 5 ಗಂಟೆಯಿಂದ 7 ಗಂಟೆಯವರೆಗೆ, ಬೆಳಿಗ್ಗೆ 6 ಗಂಟೆಯಿಂದ 8 ಗಂಟೆಯವರೆಗೆ, ಕಾಲು ಗಂಟೆಗೊಮ್ಮೆ ಆಲಿಸಬೇಕು. ಧ್ವನಿ ಇಲ್ಲ, ಮಂದ, ಸ್ಪಷ್ಟ, ಬಲು ಸ್ಪಷ್ಟ ಎಂದು ನಾಲ್ಕು ದರ್ಜೆಗಳಲ್ಲಿ ವಹಿಯಲ್ಲಿ ಬರೆದಿಡಬೇಕು. ಪಕ್ಕದಲ್ಲಿ ಪಂಚಾಂಗದಿಂದ ಆ ದಿನದ ಸೂರ್ಯೋದಯ, ಸೂರ್ಯಾಸ್ತಗಳ ವೇಳೆಯನ್ನು ನಮೂದಿಸಬೇಕು. ಆ ತಿಂಗಳುಗಳಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7 ಗಂಟೆಯ ಸುಮಾರಿಗೆ. ಒಂದು ತಿಂಗಳ ವಹಿ ತುಂಬಿದರೆ ಅಯಾನುಗೋಳದ ನಿತ್ಯಕ್ರಮ ಮಗುವಿನ ಕೈಬರಹದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಒಂದು ಹಳೆಯ ರೇಡಿಯೊ ಮತ್ತು ಒಂದು ಗಡಿಯಾರ. ಅಟ್ಟದ ಮೇಲೆಯೋ ಕಪಾಟಿನಲ್ಲಿಯೋ ಮೀಡಿಯಂ ವೇವ್ ಇರುವ ರೇಡಿಯೊ ಉಳಿದಿದ್ದರೆ, ದುರಸ್ತಿಗೆ ಬಂದದ್ದಾದರೂ ಸರಿ, ಪಾಲಕರೂ ಹಳೆಯ ವಿದ್ಯಾರ್ಥಿಗಳೂ ಅದನ್ನು ಶಾಲೆಯ ಪ್ರಯೋಗಶಾಲೆಗೆ ತಲುಪಿಸಬೇಕೆಂದು ನಾವು ವಿನಂತಿಸುತ್ತೇವೆ.